ಕಿರ್ರ್ ಅಂದ್ರೆ ಅಳಿಯ ಬಂದ

ನಮ್ಮ ಮನೆಯವರ ಕಾರಿಗೆ ಹತ್ತೊಂಬತ್ತು ವರ್ಷ. ಬೀದಿ ತಿರುವಿನಲ್ಲೇ ಕಿರ್ರ್ ಅಂತ ಕಿರುಚುತ್ತಿತ್ತು. ನಮ್ಮಪ್ಪನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಆ ಸದ್ದು ಕೇಳಿದ್ದೇ ತಡ, "ಅಳಿಯಂದಿರು ಬಂದ್ರು" ಅಂತ ಚಪ್ಪಲಿ ಹುಡುಕೋರು. ವಾರಕ್ಕೆ ಮೂರು ಸಲ ಅಪ್ಪನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ಅದೇ ಕಾರು. ಹಾಗಾಗಿ ಆ ಕಿರುಚಾಟಕ್ಕೆ ಮನೆಮಂದಿಯೆಲ್ಲ ಒಗ್ಗಿಹೋಗಿದ್ವಿ. ಎಂಥ ದಡ್ಡರು ನೋಡಿ ನಾವು!

ನನ್ನ ನಾದಿನಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ಅಣ್ಣಾ, ಬೆಲ್ಟ್ ಟೆನ್ಷನರ್ ಹೋಗಿದೆ, ಬದಲಾಯಿಸು" ಅಂತ ಬಾಯಿ ನೋಯೋ ಹಾಗೆ ಹೇಳಿದ್ಲು. ಇವರು ಕೇಳಬೇಕಲ್ಲ! ವರ್ಷದಲ್ಲಿ ಎರಡು ಸಲ ಬೆಲ್ಟ್ ಮಾತ್ರ ಹೊಸದು ಹಾಕಿಸಿದ್ರು. ತಿಂಗಳಾಗೋದ್ರೊಳಗೆ ಮತ್ತೆ ಕಿರ್ರ್.

ಮೊನ್ನೆ ಗುರುವಾರ ಆಸ್ಪತ್ರೆ ದಾರಿಯಲ್ಲಿ ಬೆಲ್ಟ್ ಕಳಚ್ಕೊಂಡೇ ಬಿಡ್ತು. ಸ್ಟೇರಿಂಗ್ ಬಿಗಿದ್ಕೊಳ್ತು, ಇಂಜಿನ್ ಕಾದು ಹೊಗೆ ಎದ್ದಿತು. ಇವರು ಹೇಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ್ರು. ಬಾಡಿಗೆ ಕಾರು ಹಿಡಿದು ಆಸ್ಪತ್ರೆ ಸೇರೋ ಹೊತ್ತಿಗೆ ಅಪ್ಪನ ಸರದಿ ತಪ್ಪಿಹೋಗಿತ್ತು. ಮರುದಿನ ಯಂತ್ರ ಸಿಗೋವರೆಗೆ ಕಾಲು ಊದಿಸ್ಕೊಂಡು, ಉಸಿರಿಗೆ ಒದ್ದಾಡಿದ್ರು. ಆಗಲೂ "ಅಳಿಯಂದಿರನ್ನ ಬೈಬೇಡ ಕಣಮ್ಮ" ಅಂದ್ರು.

ಇಷ್ಟಾದ ಮೇಲೂ ಇವರು ಗುಜರಿ ಅಂಗಡಿಯಿಂದ ಒಂದು ಹಳೇ ಟೆನ್ಷನರ್ ಹೊತ್ತು ತಂದ್ರು!

"ಹಳೇ ಕಾರಿಗೆ ಹಳೇ ಸಾಮಾನೇ ಹೊಂದೋದು. ಕಂಪನಿ ಮಾಲು, ಗಟ್ಟಿ."

ನಾದಿನಿ ಜಗಳಕ್ಕೆ ಹೋಗಲಿಲ್ಲ. ಅದರ ಚಕ್ರವನ್ನ ಅಪ್ಪನ ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದ್ಲು. "ಅಪ್ಪಾಜಿ, ಏನು ಕೇಳಿಸುತ್ತೆ?"

"ಒಳಗೆ ಮರಳು ಸೇರಿದ ಹಾಗಿದೆಯಮ್ಮ."

"ಕೇಳಿದ್ಯಾ ಅಣ್ಣಾ? ಚಕ್ರದ ಬೇರಿಂಗೇ ಸವೆದಿದೆ. ಬೆಲ್ಟನ್ನ ಬಿಗಿಯಾಗಿ ಒತ್ತಿ ಹಿಡಿಯೋದೇ ಟೆನ್ಷನರ್ ಕೆಲಸ. ಒಳಗೊಂದು ಸ್ಪ್ರಿಂಗ್ ಇರುತ್ತೆ. ಇದು ಎಷ್ಟು ವರ್ಷ ದುಡಿದಿದೆಯೋ ಯಾರಿಗೆ ಗೊತ್ತು? ಸ್ಪ್ರಿಂಗ್ ಸೋತ ಮೇಲೆ ಹೊಸ ಬೆಲ್ಟ್ ಹಾಕಿ ಏನು ಬಂತು?"

ಇವರ ಮುಖ ಸಣ್ಣದಾಯ್ತು. "ಸರಿಯಮ್ಮ, ಹೊಸದೇ ತರ್ತೀನಿ. ಕಾರಿನ ಹೆಸರು ಹೇಳಿದ್ರೆ ಸಾಕಲ್ಲ?"

"ಸಾಲದು. ಇದೇ ಹೆಸರಲ್ಲಿ ಎರಡು ಥರ ಇಂಜಿನ್ ಬಂದಿವೆ. ಚಾಸಿ ನಂಬರ್ ಬರ್ಕೋ. ನಿನ್ನ ಕಾರಿಂದ ಬಿಚ್ಚಿದ ಟೆನ್ಷನರನ್ನೂ ತಗೋ. ನಡಿ, ನಾನೂ ಬರ್ತೀನಿ."

ಅಂಗಡಿಯವರು ಮೊದಲು ಕೊಟ್ಟದ್ದು ನೋಡೋಕೆ ನಮ್ಮ ಹಳೇದರ ಅವಳಿಯಂತೆ ಇತ್ತು. ಪಕ್ಕದಲ್ಲಿಟ್ಟು ನೋಡಿದ್ರೆ ಚಕ್ರ ಒಂದು ಅಕ್ಕಿಕಾಳಿನಷ್ಟು ಮುಂದಕ್ಕಿತ್ತು. "ಹಾಕಿದ್ರೆ ಬೆಲ್ಟ್ ಓರೆ ಓಡಿ ಅಂಚು ಸವೆಯುತ್ತೆ" ಅಂತ ನಾದಿನಿ ವಾಪಸ್ ಕೊಟ್ಲು. ನಂಬರ್ ನೋಡಿ ತೆಗೆಸಿದ ಎರಡನೇದು ಎಲ್ಲಾ ಕಡೆಯಿಂದಲೂ ಸರಿಹೊಂದಿತು. ಅಂಚು ಹರಿದ ಬೆಲ್ಟನ್ನೂ ಜೊತೆಗೇ ಬದಲಾಯಿಸಿದ್ಲು.

ಮುಂದಿನ ಡಯಾಲಿಸಿಸ್ ದಿನ ಅಪ್ಪ ಜಗಲಿಯಲ್ಲಿ ಕಿವಿಗೊಟ್ಟು ಕೂತಿದ್ರು. ಕಾರು ಬಾಗಿಲಿಗೇ ಬಂದು ನಿಂತ್ರೂ ಗೊತ್ತಾಗಲಿಲ್ಲ. "ಇವತ್ತೂ ಕೆಟ್ಟು ನಿಂತಿತೇನಮ್ಮ?" ಅಂತ ಮೆಲ್ಲಗೆ ಕೇಳಿದ್ರು. ಆ ದನಿಯಲ್ಲಿದ್ದ ಭಯ ನಮ್ಮ ಮನೆಯವರ ಕಿವಿಗೂ ಬಿತ್ತು. ಜಗಲಿ ಹತ್ತಿ ಬಂದು ಕುಕ್ಕರಗಾಲಲ್ಲಿ ಕೂತು, ಅಪ್ಪನ ಕಾಲಿಗೆ ಚಪ್ಪಲಿ ತೊಡಿಸಿದ್ರು.

"ಬಂದಿದ್ದೀನಿ ಮಾವ. ಇನ್ಮೇಲೆ ನಾನೇ ಒಳಗೆ ಬಂದು ಕರೀತೀನಿ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಳೇ ಕಾರೂ ಕಿರುಚ್ತಾ ಇದೆಯಾ? ಬೆಲ್ಟ್ ಜೊತೆ ಟೆನ್ಷನರನ್ನೂ ನೋಡಿಸಿ. ಕಾರಿನ ಚಾಸಿ ನಂಬರ್ ಕೊಟ್ಟು, ಹಳೇದರ ಪಕ್ಕ ಇಟ್ಟು, ಕೈಯಲ್ಲಿ ತಿರುಗಿಸಿ ನೋಡಿಯೇ ಹೊಸದನ್ನ ತಗೊಳ್ಳಿ. ನಿಮ್ಮ ಕಾರನ್ನೇ ನಂಬಿಕೊಂಡು, ಚಪ್ಪಲಿ ಹಾಕ್ಕೊಂಡು ಕಾಯೋರು ನಿಮ್ಮ ಮನೆಯಲ್ಲೂ ಇರ್ತಾರೆ.