ಮಲ್ಲಕ್ಕನ ಗೇಣು

"ಹಿಮ್ಮಡಕ ಹಚ್ಚಿ ಹಿಡೀಬೇ ಮಹಾನಂದಾ, ಅಳತಿ ತಪ್ಪಬಾರದು," ಎನ್ನುತ್ತ ಹೊಳೆಪ್ಪ ಕಾಕಾ ಜೋಳದ ದಂಟಿನ ತುಂಡನ್ನು ಅವಳ ಅತ್ತೆ ಮಲ್ಲಕ್ಕನ ಬಲಪಾದದ ಉದ್ದಕ್ಕೆ ಹಿಡಿದ. ಹೆಬ್ಬೆರಳಿನ ತುದಿಗೆ ಸರಿಯಾಗಿ ಉಗುರಿನಿಂದ ಗೀರಿ, ಗೀರಿದಲ್ಲೇ ಮುರಿದ. ದುಮ್ಮವಾಡದಲ್ಲಿ ಅವರ ಮಂದಿಯಲ್ಲಿ ಯಾರೇ ಹೋಗಲಿ, ಹೂಳುವ ಕುಣಿಯನ್ನು ಅವರವರ ಪಾದದಿಂದಲೇ ಅಳೆಯಬೇಕು. ಇನ್ನೊಬ್ಬರ ಪಾದ ನಡೆಯುವುದಿಲ್ಲ. ನಲವತ್ತು ವರ್ಷದಿಂದ ಈ ಕೆಲಸ ಹೊಳೆಪ್ಪ ಕಾಕಾನದೇ.

"ಎಷ್ಟ ಸಣ್ಣ ಪಾದ ನೋಡ್ರಿ," ಎಂದ ಅವನು ದಂಟನ್ನು ಬೆಳಕಿಗೆ ಹಿಡಿದು. "ಇಷ್ಟ ಪಾದ ಇಟಗೊಂಡು ಈಕಿ ಊರಿನ ಹೊಲಾ ಎಲ್ಲಾ ತುಳದ ಬಂದ್ಲಲ್ಲ."

ಬೆಳಗ್ಗೆ ಆರಕ್ಕೆ ಚಹಾ ಕುಡಿದು, ಕಪ್ಪನ್ನು ಕೆಳಗಿಡುವ ಮೊದಲೇ ಮಲ್ಲಕ್ಕ ಹೋಗಿಬಿಟ್ಟಿದ್ದಳು. ವಯಸ್ಸು ಅರವತ್ತಮೂರು. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಸ ತೆಗೆದವಳು. ಮಗ ಸಂಗನಬಸವ ಸೊಸಾಯಿಟಿಯಲ್ಲಿ ನೌಕರಿಗೆ ಸೇರಿದ ಮೇಲೂ ಕುರ್ಪಿ ಬಿಟ್ಟವಳಲ್ಲ. ಈಗ ಎಂಟೂವರೆ. ಮೈ ಇನ್ನೂ ಮೆತ್ತಗಿತ್ತು. ಮೈತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಬೇಕು. ಕೂತೇ ಮಣ್ಣಿಗೆ ಹೋಗುವುದು ಅವರಲ್ಲಿ ಪದ್ಧತಿ. ಮಲಗಿಸಿ ಒಯ್ಯುವ ಮಾತೇ ಇಲ್ಲ.

ಹೊಳೆಪ್ಪ ಕಾಕಾ ಬಲಗಾಲನ್ನು ಮಡಚಲು ನೋಡಿದ. ಅರ್ಧಕ್ಕೆ ಬಂದು ನಿಂತಿತು. ಎಡಗಾಲೂ ಅಷ್ಟೇ. ಅವನು ಹಣೆಯ ಬೆವರು ಒರೆಸಿಕೊಂಡ.

"ಸ್ವಲ್ಪ ಒತ್ತಬೇಕಾಗತೈತಿ. ಇಬ್ಬರು ಬರ್ರಿ."

"ಒತ್ತಿಗಿತ್ತೀರಿ, ಕೈ ಮುರೀತೇನಿ!" ಎಂದು ಬಾಗಿಲಲ್ಲಿ ಕೂತಿದ್ದ ಅನ್ನಪೂರ್ಣಾ ಎದ್ದೇ ಬಂದಳು. ಹೊಲದಲ್ಲಿ ಕಸ ತೆಗೆಯುವಾಗ ಮಲ್ಲಕ್ಕನ ಸಾಲಿನ ಪಕ್ಕದ ಸಾಲು ಮೂವತ್ತು ವರ್ಷದಿಂದ ಅವಳದು. "ಜೀವ ಇದ್ದಾಗ ಆರು ವರ್ಷ ಆ ಮೊಣಕಾಲ ಮಡಚಲಿಲ್ಲ. ಆ ನೋವಿನ್ಯಾಗ ಎಷ್ಟ ಅತ್ತಾಳಂತ ನನಗ ಗೊತ್ತು. ಸತ್ತ ಮ್ಯಾಲೂ ಬಿಡಂಗಿಲ್ಲೇನ್ರೀ?"

"ಅವ್ವಗ ನೋವಾಗತೈತಿ ಕಾಕಾ," ಎಂದುಬಿಟ್ಟ ಸಂಗನಬಸವ. ಅಂದ ಮೇಲೆ ತಾನು ಏನಂದೆನೆಂದು ಅವನಿಗೇ ತಿಳಿಯಿತು. ಯಾರೂ ತಿದ್ದಲಿಲ್ಲ.

"ಮತ್ತ ಹೆಂಗಪಾ ಕೂಡಸೂದು?" ಹೊಳೆಪ್ಪ ಕಾಕಾನ ದನಿ ಇಳಿದಿತ್ತು. "ನನಗರ ಮನಸೈತೇನು? ಕೂಡಸದ ಹೋದರ ನಾಳೆ ನೀವ ನನ್ನ ಕೇಳತೀರಿ."

ಹೊರಗೆ ಮೋಟರ್‌ಸೈಕಲ್ಲು ನಿಂತ ಸದ್ದಾಯಿತು. ಬಸ್‌ ಸ್ಟ್ಯಾಂಡಿನ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅತಾವುಲ್ಲಾ ಬಂದಿದ್ದ. ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ ಏನೋ ಒಂದಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತ.

"ಅವ್ವಾರು ಇವತ್ತ ಬರ್ತೇನಿ ಅಂದಿದ್ರು," ಎಂದ ಯಾರಿಗೆಂದಿಲ್ಲದೆ. "ಒಂಬತ್ತಕ್ಕ ಬಂದು ಕೂತ ನೋಡ್ತೇನಿ ಅಂದಿದ್ರು."

*

ಎರಡು ವರ್ಷದ ಹಿಂದೆ ಮಲ್ಲಕ್ಕ ಅವನ ಅಂಗಡಿಗೆ ಮೊದಲ ಸಲ ಬಂದಾಗ ಅತಾವುಲ್ಲಾ ಕಿಟಕಿ ಗ್ರಿಲ್ ಬೆಸೆಯುತ್ತಿದ್ದ. ಅವಳು ಬಾಗಿಲು ಹಿಡಿದು ನಿಂತು, ಪೀಠಿಕೆ ಗೀಠಿಕೆ ಇಲ್ಲದೆ ಹೇಳಿದಳು:

"ನನಗೊಂದು ಕೂಡೂ ಸಾಮಾನ ಮಾಡಿಕೊಡು. ಕುರ್ಚಿ ಬ್ಯಾಡ, ಗಾಲಿ ಬ್ಯಾಡ. ಕಸಾ ತಗೀತ ಮುಂದ ಸರದರ ನನ್ನ ಸಂಗಾಟ ಸರೀಬೇಕು. ಎದ್ದರ ನನ್ನ ಸಂಗಾಟ ಏಳಬೇಕು. ಕೂಡೂವಾಗ ಮಾತ್ರ ನನಕಿಂತ ಮೊದಲ ಹೋಗಿ ಕೂತಿರಬೇಕು."

"ಅಂಥಾದು ಎಲ್ಲಿ ನೋಡೀರಿ ಅವ್ವಾರ?"

"ಎಲ್ಲೀನೂ ನೋಡಿಲ್ಲ. ನೋಡಿದ್ದರ ಕೊಂಡ ತರತಿದ್ದಿಲ್ಲೇನೋ?"

ಅವನಿಗೆ ನಗು ಬಂತು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು ತಲೆಯಲ್ಲಿ ಕೊರೆಯತೊಡಗಿತು. ಹೆಂಡತಿ ಮುಬಶಿರಾ ರೊಟ್ಟಿ ಬೇಕೋ ಬೇಡವೋ ಎಂದು ಎರಡು ಸಲ ಕೇಳಿದ್ದೂ ಅವನಿಗೆ ಕೇಳಲಿಲ್ಲ.

ಎತ್ತರ ಒಂದು ಗೇಣು ನಾಲ್ಕು ಬೆರಳು ಎಂದು ಮಲ್ಲಕ್ಕ ಹೇಳಿ ಹೋಗಿದ್ದಳು. ಅತಾವುಲ್ಲಾ ಒಂಟಿಕಾಲಿನ ಒಂದು ಪೀಠವನ್ನು ಅಳೆದು ಕೊಯ್ದು ಬೆಸೆದು, ಟೈರಿನ ಪಟ್ಟಿಯಿಂದ ಸೊಂಟಕ್ಕೆ ಕಟ್ಟುವ ಹಾಗೆ ಮಾಡಿಟ್ಟ. ಮಲ್ಲಕ್ಕ ಬಂದು ಕೂತಳು. ಹಿಮ್ಮಡಿಗಳು ನೆಲ ಮುಟ್ಟಲಿಲ್ಲ.

"ನಾ ಏನ ಬಸ್ಸಿನ್ಯಾಗ ಕುಂತೇನೇನೋ? ಯಾರ ಗೇಣಲೇ ಅಳದಿ?"

"ನಂದ್ರಿ."

"ಕೂಡಾಕಿ ನಾನು, ಗೇಣ ನಿಂದು!" ಅವಳು ಅವನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು, ಅಂಗಡಿಯ ತಗಡಿನ ಬಾಗಿಲ ಮೇಲೆ ಎಡಗೈ ಅಗಲಿಸಿ ಇಟ್ಟು, ಸುತ್ತ ಗೆರೆ ಎಳೆದಳು. "ಇದ ಅಳತಿ. ಅಳಿಸಿದಿ ಅಂದರ ನೋಡು."

ಮಳೆಗೆ ಅಳಿಸೀತೆಂದು ಅತಾವುಲ್ಲಾ ಅವಳು ಹೋದ ಮೇಲೆ ಆ ಗೆರೆಯ ಮೇಲೆ ಕಬ್ಬಿಣಕ್ಕೆ ಹಚ್ಚುವ ಕೆಂಪು ಬಣ್ಣ ತೀಡಿದ.

ಎರಡನೆಯದು ಅಂಗಡಿಯ ಸಿಮೆಂಟಿನ ಮೇಲೆ ಬಹಳ ಚೆನ್ನಾಗಿ ನಿಂತಿತು. ಸೋಯಾಬಿನ್ ಹೊಲದ ಹಸಿ ಎರೆಮಣ್ಣಿನಲ್ಲಿ ಮಾತ್ರ ಅದರ ಒಂಟಿಕಾಲು ಗೇಣುದ್ದ ಹೂತು, ಮಲ್ಲಕ್ಕ ಅಂಗಾತ ಬಿದ್ದಳು. ಹದಿನೈದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರಿಗಿಂತ ಜೋರಾಗಿ ಅನ್ನಪೂರ್ಣಾ. ಬಿದ್ದವಳೂ ಬಿದ್ದಲ್ಲಿಂದಲೇ ನಕ್ಕಳು. ಇದು ಊರಿಗೆಲ್ಲ ತಿಳಿದು, ಸಂಗನಬಸವ ಮೂರು ದಿನ ತಾಯಿಯೊಡನೆ ಮಾತು ಬಿಟ್ಟ. ಅವಳು ನಾಲ್ಕನೆಯ ದಿನ ಮತ್ತೆ ಅಂಗಡಿಯಲ್ಲಿದ್ದಳು. ಮೂರನೆಯದರ ಪಟ್ಟಿ ಸೊಂಟ ಕೊಯ್ದಿತು, ಆಮೇಲಿನದು ಎತ್ತಲಾರದಷ್ಟು ವಜ್ಜೆಯಾಯಿತು, ಇನ್ನೊಂದಕ್ಕೆ ಕೆಸರು ಮೆತ್ತಿಕೊಂಡು ಬಿಡಲೇ ಇಲ್ಲ. ಪ್ರತಿ ಸಲವೂ ಕೂತು, ಕಣ್ಣು ಮುಚ್ಚಿ, ಆ ಕಡೆ ಈ ಕಡೆ ವಾಲಿ ನೋಡಿ ಅವಳು ಅನ್ನುತ್ತಿದ್ದದ್ದು ಒಂದೇ ಮಾತು. "ಇನ್ನ ಇಲ್ಲೋ."

ಬೈಯುತ್ತಿರಲಿಲ್ಲ, ಅದೇ ಕಷ್ಟ. "ಹೌದು" ಎನ್ನುವ ಒಂದು ಮಾತನ್ನು ಅವಳ ಬಾಯಿಂದ ಕೇಳಬೇಕೆಂದು ಅತಾವುಲ್ಲಾನಿಗೆ ಹಟ ಹಿಡಿದಿತ್ತು.

ಹೋದ ತಿಂಗಳು ಅವಳು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಅಂಚು ಸವೆದ ಕಬ್ಬಿಣದ ರೊಟ್ಟಿ ಹಂಚು.

"ಇದನ್ನ ಕೆಳಗ ಹಚ್ಚು. ಅಗಲ ಐತಿ, ಹೂಳಂಗಿಲ್ಲ. ಹೊಟ್ಟಿ ದುಂಡಗೈತಿ, ವಾಲಿದಂಗ ವಾಲತೈತಿ. ಮೂವತ್ತ ವರ್ಷ ಹಿಟ್ಟು ಹಿಡಕೊಂಡಿಲ್ಲ ಇದು, ಕೆಸರ ಹಿಡಕೋತೈತೇನು?"

ಅತಾವುಲ್ಲಾ ಹಂಚನ್ನು ತಿರುಗಿಸಿ ತಿರುಗಿಸಿ ನೋಡಿದ. ಶಾಲೆಯ ಕಟ್ಟೆ ಹತ್ತದ ಈ ಮುದುಕಿಗೆ ಇದು ಎಲ್ಲಿಂದ ಹೊಳೆಯಿತು ಎಂದು ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಹಿಂಗ್ಯಾಕ ನೋಡ್ತೀ? ಸೊಸಿಗೆ ಹೇಳಬ್ಯಾಡ ಮತ್ತ," ಎಂದಳು ಮಲ್ಲಕ್ಕ.

*

ಅತಾವುಲ್ಲಾ ಪಡಸಾಲೆಯ ಹೊಸ್ತಿಲ ಹೊರಗೇ ಕೂತು ಗೋಣಿಚೀಲ ಬಿಚ್ಚಿದ. ದುಂಡು ಹಲಗೆ, ಅದರ ಮೇಲೆ ಹಳೆಯ ಕೌದಿಯ ಮೆತ್ತೆ, ಕೆಳಗೆ ಒಂದೇ ಕಾಲು, ಕಾಲಿನ ಬುಡಕ್ಕೆ ಹೊಟ್ಟೆ ಕೆಳಗಾಗಿ ಬೆಸೆದ ಹಂಚು.

"ಅಯ್ಯ, ನನ್ನ ಹಂಚ!" ಎಂದಳು ಮಹಾನಂದಾ. "ತಿಂಗಳಾತ ಹುಡುಕಾಕ ಹತ್ತಿ. ಬೆಕ್ಕ ಒಯ್ತೇನವಾ ಅಂತ ಅತ್ತೀನೂ ನನ್ನ ಸಂಗಾಟ ಹುಡುಕಿದ್ಲಲ್ರೀ!" ನಗಲು ಹೋದವಳ ಬಾಯಿ ಸೊಟ್ಟಗಾಗಿ, ಬೆಳಗಿನಿಂದ ಬಾರದ ಅಳು ಒಮ್ಮೆಲೇ ಬಂತು.

"ಇದರ ಮ್ಯಾಲೆ ಕೂಡಸ್ರಿ," ಎಂದ ಅತಾವುಲ್ಲಾ. "ಮೊಣಕಾಲ ಮಡಚೂದ ಬ್ಯಾಡ. ಮಡಚಬಾರದಂತನ ಮಾಡಿದ್ದು."

ಎಲ್ಲರೂ ಕ್ರಿಯೆ ನಡೆಸಲು ಬಂದು ಕೂತಿದ್ದ ಮಠದ ಅಯ್ಯನವರ ಕಡೆ ನೋಡಿದರು.

"ಕುಣ್ಯಾಗ ಕಬ್ಬಿಣ ನಾ ಕಂಡಿಲ್ಲ," ಎಂದ ಹೊಳೆಪ್ಪ ಕಾಕಾ ಮೆಲ್ಲಗೆ.

ಅಯ್ಯನವರು ಎದ್ದು ಬಂದು ಹಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಎಷ್ಟ ಮಂದಿಗೆ ರೊಟ್ಟಿ ಸುಟ್ಟ ಹಂಚಿದು. ನನಗೂ ಈ ಮನ್ಯಾಗ ನೀಡ್ಯಾಳ. ಕೂಡಸಬೇಕು ಅನ್ನೂದು ಪದ್ಧತಿ. ಹಿಂಗ ಕೂಡಸಬೇಕು ಅಂತ ಯಾರ ಹೇಳ್ಯಾರ? ಕೂಡಸ್ರಿ."

ಸಂಗನಬಸವ ಬಗಲಿಗೆ ಕೈಕೊಟ್ಟು ತಾಯಿಯನ್ನು ಎತ್ತಿದ. ಅನ್ನಪೂರ್ಣಾ ಪಟ್ಟಿಯನ್ನು ಮಲ್ಲಕ್ಕನ ಸೊಂಟಕ್ಕೆ ಬಿಗಿದಳು. ಮಲ್ಲಕ್ಕ ಇಳಿದಳು. ಹಂಚು ಒಂದಿಷ್ಟು ವಾಲಿ, ಅವಳ ಭಾರ ಎಲ್ಲಿದೆಯೆಂದು ತಾನೇ ಹುಡುಕಿಕೊಂಡು, ನಿಂತಿತು. ಎರಡೂ ಹಿಮ್ಮಡಿ ನೆಲಕ್ಕೆ ಕೂತವು. ಬೆನ್ನು ಗೋಡೆಗೆ ಆತುಕೊಂಡಿತು. ಮೊಣಕಾಲುಗಳು ಅವಕ್ಕೆ ಬೇಕಾದಷ್ಟೇ ಬಾಗಿದ್ದವು. ಯಾರೂ ಒತ್ತಲಿಲ್ಲ.

ಈಗಷ್ಟೇ ಕುರ್ಪಿ ಕೆಳಗಿಟ್ಟು, ಎಲೆಅಡಿಕೆ ಹಾಕಿಕೊಳ್ಳಲು ಕೂತವಳ ಹಾಗಿದ್ದಳು ಮಲ್ಲಕ್ಕ. ಎಷ್ಟೋ ಹೆಣ ಕೂಡಿಸಿದ ಹೊಳೆಪ್ಪ ಕಾಕಾ ತಲೆಯ ಟವೆಲ್ಲು ತೆಗೆದು ಎದೆಗೆ ಹಿಡಿದುಕೊಂಡ. "ಯಪ್ಪಾ," ಎಂದ. "ನಾ ಇಂಥಾದ ನೋಡಿದ್ದಿಲ್ಲ." ಹೆಂಗಸರು ಒಬ್ಬೊಬ್ಬರಾಗಿ ಬಂದು ಮೊದಲು ಮಲ್ಲಕ್ಕನ ಪಾದ ಮುಟ್ಟಿದರು, ಆಮೇಲೆ ಹಂಚು ಮುಟ್ಟಿದರು.

ಮಧ್ಯಾಹ್ನ ಕುಣಿಯ ಬಳಿ ಸಂಗನಬಸವ ಅತಾವುಲ್ಲಾನ ಕೈ ಹಿಡಿದುಕೊಂಡ. "ಇದೊಂದ ಅಲ್ಲೇನೋ ಚೊಲೊ ಆಗಿದ್ದು? ಇದನ್ನೂ ಮುಚ್ಚಿದರ ಎರಡ ವರ್ಷದ ದುಡಿತ ಹೋತಲ್ಲೋ. ಹೆಣ್ಣಮಕ್ಕಳು ಇದರ ದಾರಿ ಕಾಯಾಕ ಹತ್ಯಾರ. ನಾನರ ನಾಚಿಕಿ ಪಟ್ಟೆ, ಇಷ್ಟ ದಿನ ಒಮ್ಮಿನೂ ಬಂದ ನೋಡಲಿಲ್ಲ."

"ಇರಲಿ ಬಿಡ್ರಿ," ಎಂದ ಅತಾವುಲ್ಲಾ. "ಅದು ಅವ್ವಾರ ಅಳತೀದು. ಬ್ಯಾರೇದವರಿಗೆ ಬರಂಗಿಲ್ಲ."

ಮಲ್ಲಕ್ಕನ ಪಾದದಿಂದಲೇ ಒಂಬತ್ತು ಪಾದ ಅಳೆದ ಕುಣಿಯೊಳಗೆ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ, ಮಲ್ಲಕ್ಕ ತನ್ನ ಹಂಚಿನ ಮೇಲೆ ಕೂತಳು. ವಿಭೂತಿ, ಪತ್ರಿ, ಆಮೇಲೆ ಮಣ್ಣು ಬಿತ್ತು. ಅತಾವುಲ್ಲಾನೂ ಮೂರು ಹಿಡಿ ಹಾಕಿದ. ಸುತ್ತಲಿನವರ ಅಳುವಿನ ನಡುವೆ, ಅವನ ಕಿವಿ ಇನ್ನೂ ಅದೊಂದು ಮಾತಿಗೆ ಕಾಯುತ್ತಿತ್ತು. ಒಮ್ಮೆ ಹೌದು ಅಂದು ಹೋಗಬಾರದಿತ್ತೇ ಎಂದು ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಸಂಜೆ ನಾಲ್ಕಕ್ಕೆ ಅಂಗಡಿಯ ಬೀಗ ತೆಗೆದ. ಕೆಲಸ ಮಾಡಲೆಂದಲ್ಲ, ಮನೆಗೆ ಹೋಗಲು ಮನಸ್ಸಾಗಲಿಲ್ಲ. ಒಳಗೆ ಕೆಟ್ಟುಹೋದ ಹಿಂದಿನ ಐದು ಪೀಠಗಳು ಗೋಡೆಗೆ ಸಾಲಾಗಿ ನಿಂತಿದ್ದವು. ಅವನು ಅವನ್ನು ನೋಡುತ್ತ ಕೂತಿರುವಾಗ ಬಾಗಿಲಲ್ಲಿ ನೆರಳಾಯಿತು.

ಅನ್ನಪೂರ್ಣಾ ಬಂದಿದ್ದಳು. ಮಣ್ಣು ಮುಗಿಸಿ ಬಂದು ತಲೆಸ್ನಾನ ಮಾಡಿದ ಕೂದಲು ಇನ್ನೂ ಹಸಿಯಿತ್ತು. ಅವಳ ಹಿಂದೆ ರಸ್ತೆಯ ತನಕ ಮಲ್ಲಕ್ಕನ ಸಾಲಿನ ಹೆಂಗಸರು, ಎಲ್ಲರದೂ ಹಸಿ ತಲೆ. ಒಬ್ಬೊಬ್ಬರ ಸೆರಗಿನ ಕೆಳಗೂ ದುಂಡಗೆ ಏನೋ ಒಂದು ಉಬ್ಬಿತ್ತು.

ಅನ್ನಪೂರ್ಣಾ ತನ್ನ ಹಂಚನ್ನು ಹೊಸ್ತಿಲ ಮೇಲಿಟ್ಟಳು. ಬಾಗಿಲ ಮೇಲಿನ ಕೆಂಪು ಕೈಯನ್ನು ಹುಡುಕಿ, ಅದರ ಮೇಲೆ ತನ್ನ ಕೈ ಇಟ್ಟು ನೋಡಿದಳು. ಅವಳ ಬೆರಳುಗಳು ಗೆರೆಗಿಂತ ಅರ್ಧ ಉಗುರಿನಷ್ಟು ಮುಂದಿದ್ದವು.

ಆಮೇಲೆ ಕೈ ತೆಗೆದು, ಪಕ್ಕದ ಖಾಲಿ ತಗಡಿನ ಮೇಲೆ ಬೆರಳು ಅಗಲಿಸಿ ಇಟ್ಟಳು.

ಅತಾವುಲ್ಲಾ ಸೀಮೆಸುಣ್ಣ ತಂದು, ಹೆಬ್ಬೆರಳಿನ ಬುಡದಿಂದ ಶುರುಮಾಡಿದ.