ಚುಕ್ಕಿಗೆ ಹಾಕಿದ ಕಾಳು

ಒಂದು ದಿನ ಪೂರ್ತಿ ಲಾಯದಲ್ಲಿ ಸುಮ್ಮನೆ ನಿಂತಿದ್ದ ಕೆಂಚಿ, ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೊರಟು ಬಾಗಿಲಲ್ಲೇ ನಿಂತುಬಿಟ್ಟಿತು. ಸವಾರಿ ಶಾಲೆಯ ಟೀಚರ್ ಲಗಾಮು ಜಗ್ಗಿದಳು. ಕುದುರೆ ಹೆಜ್ಜೆ ಕೀಳಲಿಲ್ಲ. ಓಡದೆ, ಕುಣಿಯದೆ ಮೈಯೆಲ್ಲ ಬೆವರು. ತೊಡೆ ಮುಟ್ಟಿದರೆ ಮರದ ಕೊರಡು. ಸ್ವಲ್ಪ ಹೊತ್ತಿನ ಮೇಲೆ ಹೊಯ್ದ ಉಚ್ಚೆ ಕಾಫಿ ಬಣ್ಣಕ್ಕಿತ್ತು.

"ಒಂದು ಹೆಜ್ಜೆನೂ ನಡೆಸಬೇಡಿ," ಎಂದು ಕುದುರೆ ಡಾಕ್ಟರು ಫೋನಿನಲ್ಲೇ ಹೇಳಿ ಓಡೋಡಿ ಬಂದರು. ನೋವಿಗೆ ಸೂಜಿ ಹಾಕಿ, ರಕ್ತವನ್ನೂ ಕೊರಳ ಕೂದಲನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಕಾಳಿನ ಡಬ್ಬದ ಮುಚ್ಚಳ ತೆರೆದು ನೋಡಿ, ಹಾಗೇ ಮುಚ್ಚಿದರು.

"ಇದರ ಮಾಂಸಖಂಡ ಸಕ್ಕರೆನ ಕೂಡಿಡುತ್ತೆ, ಬಳಸೋಕೆ ಬರಲ್ಲ. ಕಾಳು, ಬೆಲ್ಲ ಎರಡೂ ನಿಲ್ಲಿಸಿ. ಒಣಹುಲ್ಲಲ್ಲೂ ಸಕ್ಕರೆ ಇರುತ್ತೆ, ನೆನೆಸಿ, ನೀರು ಬಸಿದು ಕೊಡಿ. ಶಕ್ತಿಗೆ ಎಣ್ಣೆ ಸಾಕು. ಚೇತರಿಸಿಕೊಂಡ ಮೇಲೆ ದಿನಾ ಓಡಾಡಿಸಬೇಕು, ರಜೆ ಕೊಡೋ ಹಾಗಿಲ್ಲ."

"ಪ್ರೀತಿಯಿಂದ ಹಾಕಿದ್ದೇ ಮುಳುವಾಯ್ತಾ?"

"ನಿಮಗೇನು ಗೊತ್ತಿತ್ತು? ಇದು ಹುಟ್ಟಿನಿಂದ ಬರೋದು." ಡಾಕ್ಟರು ಚೀಲ ಕಟ್ಟುತ್ತಾ ಕೇಳಿದರು, "ಇದಕ್ಕೆ ಮರಿ ಏನಾದ್ರೂ ಇದೆಯಾ?"

ಟೀಚರ್ ಕೂಡಲೇ ಫೋನ್ ಕೈಗೆತ್ತಿಕೊಂಡಳು. ಕೆಂಚಿಯ ಮರಿ ಚುಕ್ಕಿಯನ್ನು ತಮ್ಮನ ಮಗಳಿಗೆ ಅವಳೇ ಕೈಯಾರೆ ಕೊಟ್ಟಿದ್ದಳು. ಹುಡುಗಿ ಈಗ ಬೆಳೆದು ನಿಂತ ಆ ಮರಿಯ ಮೇಲೆ ಬೇಲಿ ಹಾರುವ ಪಂದ್ಯಕ್ಕೆ ಇಳಿಯುವವಳಿದ್ದಳು.

ತಮ್ಮ ಫೋನಿನಲ್ಲಿ ನಕ್ಕ. "ಅಕ್ಕಾ, ಚುಕ್ಕಿ ಗುಂಡುಕಲ್ಲಿನ ಹಾಗಿದೆ. ನಿನ್ನ ಕುದುರೆ ಕಾಯಿಲೆ ನಮ್ಮದಕ್ಕೆ ಅಂಟಿಸಬೇಡ."

"ಪರೀಕ್ಷೆ ಆದ್ರೂ ಮಾಡಿಸೋ."

"ಪಂದ್ಯ ಮುಗೀಲಿ. ಈಗ ಚೆನ್ನಾಗಿ ವಿಶ್ರಾಂತಿ ಕೊಟ್ಟಿದೀನಿ, ಹೊಟ್ಟೆ ತುಂಬ ಕಾಳು ಹಾಕ್ತಿದೀನಿ. ನೋಡ್ತಿರು, ಹೇಗೆ ಹಾರುತ್ತೆ ಅಂತ."

"ಅದನ್ನೇ ಕಣೋ ಮಾಡಬಾರದು," ಎನ್ನುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ. ಮತ್ತೆ ಮಾಡಿದರೆ ಎತ್ತಲಿಲ್ಲ.

ಪಂದ್ಯದ ದಿನ ಅವಳು ಮೈದಾನ ಮುಟ್ಟಿದಾಗ ಹುಡುಗಿ ಆಗಲೇ ಎರಡು ಬೇಲಿ ಹಾರಿಸಿದ್ದಳು. ಚುಕ್ಕಿಯ ಕೊರಳು ಬೆವರಿ ಹೊಳೆಯುತ್ತಿತ್ತು. ಹಿಂಗಾಲು ಉದ್ದಕ್ಕೆ ಚಾಚುತ್ತಿರಲಿಲ್ಲ. ಯಾರೋ ಹಗ್ಗ ಬಿಗಿದಂತೆ ಚಿಕ್ಕ ಚಿಕ್ಕ ಹೆಜ್ಜೆ. ಟೀಚರ್ ಮೈದಾನದ ಅಂಚಿಗೆ ಓಡಿ ಕೂಗಿದಳು. "ಇಳಿಯೇ ಪುಟ್ಟಿ, ಇಳಿ."

ಹುಡುಗಿ ಅತ್ತೆಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ಮುಂದೆ ಹೋಗೆಂದು ಕೈಬೀಸಿದ.

ಮುಂದಿನ ಬೇಲಿಗೆ ಮುಂಗಾಲು ಎದ್ದವು, ಹಿಂಗಾಲು ಏಳಲಿಲ್ಲ. ಹುಡುಗಿ ದೂರ ಹೋಗಿ ಬಿದ್ದಳು, ಕೈ ಮುರಿದಿತ್ತು. ಚುಕ್ಕಿ ಮುಂಗಾಲೂರಿ ನಾಯಿಯಂತೆ ಕೂತು, ಏಳಲು ಹೆಣಗಿ ಹೆಣಗಿ ಸುಸ್ತಾಯಿತು. ಅದರ ಕೆಳಗಿನ ಮರಳು ಉಚ್ಚೆಯಿಂದ ನಿಧಾನವಾಗಿ ಕಪ್ಪಗೆ ನೆನೆಯಿತು.

"ಇವತ್ತಿಂದಲೇ ಕಾಳು ನಿಲ್ಲಿಸ್ತೀನಿ ಡಾಕ್ಟ್ರೇ," ಎಂದ ತಮ್ಮ. ಧಾವಿಸಿ ಬಂದಿದ್ದ ಕುದುರೆ ಡಾಕ್ಟರು ಚುಕ್ಕಿಗೆ ಸಲೈನ್ ಬಾಟಲಿ ಏರಿಸಿದರು. ಮೂತ್ರಪಿಂಡ ಕೈಕೊಟ್ಟು, ಮರುದಿನ ಚುಕ್ಕಿ ಸತ್ತಿತು.

ಕೆಂಚಿ ಮಾತ್ರ ದಿನದಿನಕ್ಕೆ ಸುಧಾರಿಸಿತು. ಕೈಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಒಮ್ಮೆ ಬಂದು, ನೆನೆದ ಹುಲ್ಲನ್ನು ಒಂದೇ ಕೈಯಲ್ಲಿ ಹಿಂಡತೊಡಗಿದಳು.

"ಅತ್ತೆ, ನಾನು ಇಳಿಬೇಕಿತ್ತು ಅಲ್ವಾ?"

"ನಿಮ್ಮಪ್ಪ ಹೇಳಿದ ಹಾಗೆ ಕೇಳಿದೆ, ಅಷ್ಟೇ."

"ಅಪ್ಪ ಇನ್ನೊಂದು ಕುದುರೆ ನೋಡಿ ಬಂದಿದ್ದಾರೆ. ನಾನು ಹತ್ತಲ್ಲ ಅಂದೆ."

"ಅದಕ್ಕೇನಂದ?"

ಹುಡುಗಿ ತಲೆಯೆತ್ತಲಿಲ್ಲ. "ಕೈ ವಾಸಿಯಾಗ್ಲಿ, ಆಮೇಲೆ ನೋಡೋಣ ಅಂದ್ರು."