ಒಂಬತ್ತು ಪುಸ್ತಕಗಳು

ಅಕ್ಕತಂಗಿಯರಿಬ್ಬರೂ ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೆ ಈ ಪುಸ್ತಕಗಳು ಶುರುವಾದವು. ಅಕ್ಕ ರದ್ದಿ ಕಾಗದ ನೆನೆಸಿ, ರುಬ್ಬಿ, ಜಾಲರಿಯಲ್ಲಿ ಎತ್ತಿ ಒಣಗಿಸಿ ಹಾಳೆ ಮಾಡುತ್ತಿದ್ದಳು. ಅವನ್ನು ಹೊಲಿದು, ಮೊದಲ ಪುಟ ಬರೆದು ಅಂಚೆಗೆ ಹಾಕುತ್ತಿದ್ದಳು. ತಂಗಿ ರಬ್ಬರಿನ ತುಂಡಿನಲ್ಲಿ ಚಿತ್ರ ಕೆತ್ತಿ, ಮಸಿ ಹಚ್ಚಿ, ಮೇಲೆ ಪುಟವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದಳು; ಕೆಳಗೆ ನಾಲ್ಕು ಸಾಲು ಬರೆದು ವಾಪಸು ಕಳಿಸುತ್ತಿದ್ದಳು. ಒಮ್ಮೆ ಅವಳ ಕಾಗೆಯ ಪಕ್ಕದಲ್ಲಿ ಅಕ್ಕ ಬರೆದಿದ್ದಳು: ‘ಕಾಗೆ ಅಂತ ನೀನು ಹೇಳಿದ್ದು ಒಳ್ಳೇದಾಯ್ತು, ನಾನು ಎಮ್ಮೆ ಅಂದ್ಕೊಂಡಿದ್ದೆ.’ ತುಂಬಿದ ಪುಸ್ತಕಗಳು ಅಕ್ಕನ ಬಳಿಯೇ ಇರುತ್ತಿದ್ದವು.

ಹತ್ತನೆಯ ಪುಸ್ತಕದಲ್ಲಿ ಅಕ್ಕ ಒಂದೇ ಪುಟವನ್ನು ಒಂದಕ್ಷರವೂ ಬದಲಾಗದಂತೆ ಮೂರು ಸಲ ಬರೆದಿದ್ದಳು. ತಂಗಿ ಫೋನ್ ಮಾಡಿದಾಗ ಭಾವ ವಯಸ್ಸಿನ ಮರೆವು ಎಂದು ತಳ್ಳಿಹಾಕಿದರು. ಅವಳಿಗೆ ಮನಸ್ಸು ತಡೆಯಲಿಲ್ಲ, ಮರುದಿನವೇ ಬಸ್ಸು ಹತ್ತಿದಳು.

ಹಿತ್ತಲಲ್ಲಿ ಅಕ್ಕ ತೊಟ್ಟಿಯೊಳಗೆ ಮೊಣಕೈವರೆಗೂ ಕೈ ಅದ್ದಿ ಕೂತಿದ್ದಳು. ಮಗ್ಗುಲಲ್ಲಿ ತುಂಬಿದ ಪುಸ್ತಕಗಳಿಂದ ಬಿಚ್ಚಿದ ರಟ್ಟುಗಳು. ತಂಗಿ ಎಣಿಸಿದಳು, ಒಂಬತ್ತಿದ್ದವು.

“ನಿನಗೆ ಹಾಳೆ ಸಾಲಲ್ವಲ್ಲ, ಅದಕ್ಕೇ ನೆನೆಹಾಕಿದೀನಿ,” ಎಂದಳು ಅಕ್ಕ.

ಹಿಂದೆ ಬಂದು ನಿಂತ ಭಾವ ಮೆಲ್ಲಗೆ, “ರದ್ದಿ ಅಂದ್ಲು. ನಾನೇ ಕೂತು ದಾರ ಬಿಚ್ಚಿಕೊಟ್ಟೆ ಕಣಮ್ಮ,” ಎಂದರು.

ನಾಲ್ಕನೆಯ ಪುಸ್ತಕದಲ್ಲಿ ತಂಗಿಯ ಮಗುವಿನ ಅಂಗಾಲಿನ ಗುರುತಿತ್ತು. ಮಗು ಉಸಿರಿಲ್ಲದೆ ಹುಟ್ಟಿತ್ತು. ಆಸ್ಪತ್ರೆಯಲ್ಲಿ ಅಕ್ಕ ಅದನ್ನು ಹಿಡಿದುಕೊಂಡಿದ್ದಾಗ ತಂಗಿಯೇ ಮಸಿ ಹಚ್ಚಿ ಒತ್ತಿದ್ದಳು. ಆ ಮಗುವಿನದೆಂದು ಉಳಿದದ್ದು ಅದೊಂದೇ. ಈಗ ತೊಟ್ಟಿಯಲ್ಲಿ ಬೂದು ಬಣ್ಣದ ಗಂಜಿಯಂಥ ನೀರು. ಅವಳು ಕೈ ಹಾಕಿ ತಳದವರೆಗೆ ತಡಕಿದಳು. ಒಂದೆಳೆ ದಾರ ಮಾತ್ರ ಬೆರಳಿಗೆ ಸಿಕ್ಕಿತು.

“ಯಾಕೆ, ಏನು ಬಿತ್ತು?” ಅಕ್ಕ ಕೇಳಿದಳು.

“ಏನಿಲ್ಲಕ್ಕ.”

ಕೂಗಾಡಿದರೆ ಅಕ್ಕ ಹೆದರುತ್ತಾಳೆ, ಯಾಕೆಂದು ತಿಳಿಯುವುದೂ ಇಲ್ಲ. ತಂಗಿ ಜಾಲರಿಯ ಇನ್ನೊಂದು ತುದಿ ಹಿಡಿದಳು. ಸಂಜೆಯೊಳಗೆ ಇಬ್ಬರೂ ಸೇರಿ ನಲವತ್ತು ಹಾಳೆ ಎತ್ತಿದರು. ಒಳಗೆ ಹೋದ ಭಾವ ಮತ್ತೆ ಹೊರಗೆ ಬರಲೇ ಇಲ್ಲ.

ತನ್ನ ಮನೆಗೆ ಬಂದು ತಂಗಿ ಅಂಗಾಲಿನ ಗುರುತು ಹೋದದ್ದನ್ನು ಗಂಡನಿಗೆ ಹೇಳಿದಳು. ಆ ಪುಸ್ತಕಗಳನ್ನು ಅವನು ಒಮ್ಮೆಯೂ ತೆರೆದು ನೋಡಿದವನಲ್ಲ. “ಯಾವ ಕಾಲಿಂದು? ಎಡಗಾಲೋ, ಬಲಗಾಲೋ?” ಎಂದ.

ಅವಳು ಹೇಳಲು ಬಾಯಿ ತೆರೆದಳು. ನೆನಪಾಗಲಿಲ್ಲ.